ಹೊಸ ತಲೆಮಾರಿನ ವೈದ್ಯರಿಗೆ ಸಿಎಂಇ: ಹಾವು ಕಡಿತದ ತರಬೇತಿಯನ್ನು ಮಾದರಿಯಾಗಿಟ್ಟು ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಹಾಲ್, ದೀಪ ಬೆಳಗುವುದು, ನಾಲ್ಕು ಉಪನ್ಯಾಸ, ಊಟ, ಸರ್ಟಿಫಿಕೇಟ್. ನಿರಂತರ ವೈದ್ಯಕೀಯ ಶಿಕ್ಷಣ, ಅಂದರೆ ನಾವೆಲ್ಲ ಸಿಎಂಇ ಎನ್ನುವ ಕಾರ್ಯಕ್ರಮ, ಎಷ್ಟೋ ಕಡೆ ಇನ್ನೂ ಈ ಅಚ್ಚಿನಲ್ಲೇ ಇದೆ. ಹಿಂದಿನ ಸಾಲಿನಲ್ಲಿ ಕೂತ ಹೌಸ್‌ಸರ್ಜನ್, ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ), ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರು ಫೋನ್ ನೋಡುತ್ತಿದ್ದರೆ ಅದನ್ನು ಅಸಡ್ಡೆ ಎನ್ನುವುದು ಸುಲಭ. ಆದರೆ ಸ್ಲೈಡಿನಲ್ಲಿರುವುದು ಆ ಫೋನಿನಲ್ಲಿ ಆಗಲೇ ಇದೆ, ಅದೂ ಸ್ಲೈಡಿಗಿಂತ ಹೊಸದಾಗಿ. ಫೋನ್ ಕೊಡಲಾರದ್ದು ಮೂರು: ಕೈಗೆ ಅಭ್ಯಾಸ, ಅರೆಬರೆ ಮಾಹಿತಿ ಇಟ್ಟುಕೊಂಡು ತೀರ್ಮಾನ ತೆಗೆದುಕೊಳ್ಳುವ ಒತ್ತಡ, ತಪ್ಪಿದಾಗ ಪಕ್ಕದಲ್ಲೇ ನಿಂತು ತಿದ್ದುವ ಅನುಭವಿ. ಜನರನ್ನು ಒಂದೆಡೆ ಸೇರಿಸುವ ಸಮಯವನ್ನೆಲ್ಲ ಈ ಮೂರಕ್ಕೇ ಮೀಸಲಿಡಬೇಕು. ಉಳಿದದ್ದನ್ನು ಫೋನಿಗೆ ಬಿಡಬಹುದು.

ಇದು ಭಾರತೀಯ ವೈದ್ಯಕೀಯ ಸಂಘದ (ಐಎಂಎ) ಶಾಖೆಗಳ ಕಾರ್ಯದರ್ಶಿಗಳಿಗೆ, ವೈದ್ಯಕೀಯ ಕಾಲೇಜುಗಳ ಶಿಕ್ಷಣ ಘಟಕಗಳಿಗೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ನಡೆಸುವವರಿಗೆ ಬರೆದದ್ದು. ಹಾವು ಕಡಿತವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರು ತಿಂಗಳು ಬಂದ ರಾಷ್ಟ್ರೀಯ ಕಾರ್ಯಯೋಜನೆ 2030ರ ಹೊತ್ತಿಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿ ಇಟ್ಟುಕೊಂಡಿದೆ. ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಇರುವ ಕಿರಿಯ ವೈದ್ಯರ ಕೈಯಲ್ಲೇ ಇಂಥ ಎಷ್ಟೋ ರೋಗಿಗಳ ಮೊದಲ ಒಂದು ಗಂಟೆ ಇರುತ್ತದೆ.

ಇಷ್ಟಪಡುವುದು ಬೇರೆ, ಕಲಿಯುವುದು ಬೇರೆ

ಎಂಬಿಬಿಎಸ್‌ಗೆ ಕೌಶಲ ಆಧಾರಿತ ಪಠ್ಯಕ್ರಮ 2019ರ ಬ್ಯಾಚಿನಿಂದ ಜಾರಿಗೆ ಬಂತು. ಈಗ ಹೊರಬರುತ್ತಿರುವವರು ಸ್ಕಿಲ್ ಲ್ಯಾಬ್, ಲಾಗ್‌ಬುಕ್, ಓಎಸ್‌ಸಿಇ (ಮೇಜಿನಿಂದ ಮೇಜಿಗೆ ಹೋಗಿ ಕೌಶಲ ತೋರಿಸುವ) ಪರೀಕ್ಷೆಗಳ ನಡುವೆ ಬೆಳೆದವರು. ಕೋವಿಡ್ ಕಾಲದಲ್ಲಿ ಪರದೆಯ ಮೇಲೆ ಪಾಠ ಕೇಳಿದವರು, ನೀಟ್ ಪಿಜಿಗಾಗಿ ಆ್ಯಪ್‌ಗಳಲ್ಲಿ ಸಾವಿರಾರು ಪ್ರಶ್ನೆ ಬಿಡಿಸಿದವರು. ಚಿಕ್ಕ ವಿಡಿಯೊ, ಒಡನೆ ಸಿಗುವ ಉತ್ತರ, ತಮ್ಮ ವೇಳೆಗೆ ತಕ್ಕಂತೆ ಓದುವ ಅನುಕೂಲ ಇವರಿಗೆ ಒಗ್ಗಿಹೋಗಿದೆ. ಇದನ್ನು ಗೌರವಿಸಬೇಕು.

ಹಾಗೆಂದು ಎಲ್ಲವನ್ನೂ ವಿಡಿಯೊ ಮಾಡಿಬಿಟ್ಟರೆ ಮೋಸವಾಗುತ್ತದೆ. ವಿಡಿಯೊ ನೋಡಿದಾಗ 'ಇದು ನನಗೆ ಗೊತ್ತು' ಎನ್ನಿಸುತ್ತದೆ, ಟ್ಯೂಬ್ ಕೈಗೆ ಬಂದಾಗ ಗೊತ್ತಿರುವುದಿಲ್ಲ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೆಕ್ಕಿ ಉತ್ತರಿಸಿದರೆ ವಾರದ ನಂತರವೂ ವಿಷಯ ಹೆಚ್ಚು ಉಳಿಯುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಬರಿಯ ಉಪನ್ಯಾಸದ ಸಿಎಂಇ ವೈದ್ಯರ ರೂಢಿಯನ್ನು ಬದಲಿಸುವುದಿಲ್ಲ, ಭಾಗವಹಿಸಿ ಅಭ್ಯಾಸ ಮಾಡುವ ಸಿಎಂಇ ಬದಲಿಸಬಲ್ಲದು ಎಂದು 1999ರಲ್ಲಿ ಜಾಮಾ ಪತ್ರಿಕೆಯ ವಿಮರ್ಶೆ ಹೇಳಿತು. 'ನಾನು ನೋಡಿ ಕಲಿಯುವವನು, ನೀನು ಕೇಳಿ ಕಲಿಯುವವಳು' ಎಂಬ ವಿಂಗಡಣೆಯ ಮೇಲೆ ಪಾಠ ಕಟ್ಟುವುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂಬುದು 2008ರ ಮನೋವಿಜ್ಞಾನಿಗಳ ವಿಮರ್ಶೆಯ ನಿಲುವು. ಆದ್ದರಿಂದ ಸಮಯ, ಜಾಗ, ಭಾಷೆ, ಉದ್ದ ಇವನ್ನು ಅವರ ಇಷ್ಟಕ್ಕೆ ಹೊಂದಿಸಿ. ಕಷ್ಟಪಟ್ಟು ಯೋಚಿಸಬೇಕಾದ ಭಾಗವನ್ನು ಮಾತ್ರ ಸಡಿಲಿಸಬೇಡಿ.

ಹೆಜ್ಜೆ 1: ವಿಷಯವನ್ನು ರಿಜಿಸ್ಟರ್‌ನಿಂದ ತೆಗೆಯಿರಿ (8 ವಾರ ಮೊದಲು)

'ಯಾವ ವಿಷಯ ಬೇಕು?' ಎಂದು ಗೂಗಲ್ ಫಾರ್ಮ್ ಕಳಿಸಿದರೆ ಆಕರ್ಷಕವಾಗಿ ಕೇಳುವ ವಿಷಯಗಳು ಬರುತ್ತವೆ, ಬೇಕಾದವು ಬರುವುದಿಲ್ಲ. ತನಗೆ ಏನು ಬಾರದು ಎಂಬುದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಅದರ ಬದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿಂದಿನ ಆರು ತಿಂಗಳಲ್ಲಿ ಬಂದ ಹಾವು ಕಡಿತದ 20–30 ರೆಫರಲ್ ಚೀಟಿಗಳನ್ನು ತೆಗೆದು ಓದಿ. ರೋಗಿಯ ಹೆಸರು, ಕಳಿಸಿದ ವೈದ್ಯರ ಹೆಸರು ಎರಡನ್ನೂ ಮುಚ್ಚಿಯೇ ಓದಬೇಕು. ಕಡಿದ ಸಮಯ ಬರೆದಿದೆಯೆ, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದ್ದಾರೆಯೆ, ಮಾಡಿದ್ದರೆ ಎಷ್ಟು ಹೊತ್ತಿಗೆ, ಕಳಿಸುವ ಮೊದಲು ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರುವಾಗಿತ್ತೆ ಎಂಬ ನಾಲ್ಕನ್ನು ಮಾತ್ರ ಎಣಿಸಿ. ಎಲ್ಲಿ ಖಾಲಿ ಇದೆಯೋ ಅದೇ ನಿಮ್ಮ ಪಠ್ಯ.

ಕಲಿಯುವವರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ: ಡ್ಯೂಟಿ ಇಲ್ಲದ ವೇಳೆ ಯಾವುದು, ಎಷ್ಟು ದೂರದಿಂದ ಬರಬೇಕು, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಹಾವು ಕಡಿತದ ರೋಗಿಯನ್ನು ಒಬ್ಬರೇ ನೋಡಿದ್ದು ಎಷ್ಟು ಸಲ, ಆಗ ಯಾರಿಗೆ ಫೋನ್ ಮಾಡಿದಿರಿ. ಕೊನೆಯ ಪ್ರಶ್ನೆಗೆ ಪದೇಪದೇ ಬರುವ ಹೆಸರನ್ನು ಗುರುತಿಟ್ಟುಕೊಳ್ಳಿ. ಕಲಿಸಲು ಕರೆಯಬೇಕಾದವರು ಅವರೇ.

ಹೆಜ್ಜೆ 2: ವಿಷಯವನ್ನಲ್ಲ, ಮಾಡಬೇಕಾದ್ದನ್ನು ಬರೆಯಿರಿ (7ನೇ ವಾರ)

'ಹಾವು ಕಡಿತ: ಒಂದು ಅವಲೋಕನ' ಎಂಬ ಶೀರ್ಷಿಕೆ ಹಾಕಿದೊಡನೆ ಭಾಷಣಕಾರರು ಹಾವುಗಳ ವರ್ಗೀಕರಣದಿಂದ ಶುರುಮಾಡುತ್ತಾರೆ. ತರಬೇತಿ ಮುಗಿದ ಮೇಲೆ ವೈದ್ಯರು ಮಾಡಬೇಕಾದ ಕೆಲಸಗಳನ್ನು ನಾಲ್ಕೇ ವಾಕ್ಯದಲ್ಲಿ ಬರೆಯಿರಿ:

- ಹೊಸ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಇಟ್ಟು, 20 ನಿಮಿಷ ಅಲುಗಿಸದೆ ಬಿಟ್ಟು, ಒಮ್ಮೆ ಓರೆ ಮಾಡಿ ನೋಡಿ, ಸಮಯದೊಂದಿಗೆ ಫಲಿತಾಂಶ ಬರೆಯುತ್ತಾರೆ.
- ವಿಷ ಏರಿದ ಲಕ್ಷಣವಿದ್ದರೆ 10 ವಯಲ್ ಎಎಸ್‌ವಿ ಶುರುಮಾಡುತ್ತಾರೆ, ಇಲ್ಲದಿದ್ದರೆ ಕೊಡದೆ 24 ಗಂಟೆ ಗಮನಿಸುತ್ತಾರೆ.
- ಎಎಸ್‌ವಿ ಹನಿ ಶುರುವಾಗುವ ಮೊದಲೇ, ಅದಕ್ಕೆ ಮೈ ತೀವ್ರವಾಗಿ ಪ್ರತಿಕ್ರಿಯಿಸಿದರೆ ಕೊಡಬೇಕಾದ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟಿರುತ್ತಾರೆ.
- ಉಸಿರಾಟ ಸೋಲುತ್ತಿರುವ ರೋಗಿಯನ್ನು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬಲ್ಲವರ ಜೊತೆಗೇ ಕಳಿಸುತ್ತಾರೆ.

ಈ ನಾಲ್ಕಕ್ಕೆ ನೆರವಾಗದ ಸ್ಲೈಡ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಪ್ರಮಾಣಗಳನ್ನು ಅಚ್ಚು ಹಾಕಿಸುವ ಮೊದಲು ಆ ಹೊತ್ತಿಗೆ ಜಾರಿಯಲ್ಲಿರುವ ರಾಜ್ಯದ ಚಿಕಿತ್ಸಾ ಕೈಪಿಡಿಯೊಂದಿಗೆ ಒಬ್ಬ ಫಿಸಿಷಿಯನ್ ಕೂತು ತಾಳೆ ನೋಡಲಿ.

ಹೆಜ್ಜೆ 3: ಮುಂಚೆ ಕಳಿಸುವ ವಿಡಿಯೊಗಳು (6ರಿಂದ 3ನೇ ವಾರ)

ಮೂರು ವಿಡಿಯೊ ಸಾಕು. ಒಂದೊಂದೂ ಐದಾರು ನಿಮಿಷ, ಒಂದರಲ್ಲಿ ಒಂದೇ ಸಂಗತಿ: ರಕ್ತ ಪರೀಕ್ಷೆ, ಎಎಸ್‌ವಿ ಮತ್ತು ಅದರ ಪ್ರತಿಕ್ರಿಯೆ, ನರಕ್ಕೆ ಏರಿದ ವಿಷದ ಲಕ್ಷಣಗಳು. ದುಬಾರಿ ಕ್ಯಾಮೆರಾ ಬೇಡ, ಆದರೆ ಕಾಲರ್ ಮೈಕ್ ಬೇಕೇಬೇಕು. ಚಿತ್ರ ಮಂಕಾಗಿದ್ದರೂ ನೋಡುವವರು ನೋಡುತ್ತಾರೆ, ದನಿ ಕೇಳದಿದ್ದರೆ ಮುಚ್ಚುತ್ತಾರೆ. ಫೋನನ್ನು ಉದ್ದಕ್ಕೆ ನಿಲ್ಲಿಸಿ ಶೂಟ್ ಮಾಡಿ, ಏಕೆಂದರೆ ಅವರು ನೋಡುವುದೂ ಹಾಗೆಯೇ. ಮುಖಕ್ಕಿಂತ ಕೈ ಕಾಣಲಿ. ಮಲೆನಾಡಿನ ಪಿಎಚ್‌ಸಿಯ ನೆಟ್‌ವರ್ಕಿನಲ್ಲೂ ಇಳಿಯುವಂತೆ ಪ್ರತಿ ಫೈಲನ್ನು 15–20 ಎಂಬಿ ಒಳಗೆ ಕುಗ್ಗಿಸಿ. ರಾತ್ರಿ ವಾರ್ಡಿನಲ್ಲಿ ದನಿಯಿಲ್ಲದೆ ನೋಡುವವರಿಗಾಗಿ ಕೆಳಗೆ ಅಕ್ಷರಗಳನ್ನೂ ಕೊಡಿ. ವಾರ್ಡಿನಲ್ಲಿ ಆಡುವ ಕನ್ನಡ–ಇಂಗ್ಲಿಷ್ ಬೆರೆತ ಮಾತೇ ಚೆನ್ನ. ಬೇರೆ ರಾಜ್ಯಗಳಿಂದ ಬಂದ ಪಿಜಿಗಳಿದ್ದರೆ ಅಕ್ಷರಗಳು ಇಂಗ್ಲಿಷಿನಲ್ಲಿರಲಿ.

ವಿಡಿಯೊ ಮುಗಿದ ಕೂಡಲೇ ಎರಡು ಪ್ರಶ್ನೆ ಬರಬೇಕು, ಉತ್ತರಿಸಿದ ಮೇಲೆಯೇ ಮುಂದಿನ ವಿಡಿಯೊ ತೆರೆಯಬೇಕು. 'ಎಎಸ್‌ವಿ ಎಷ್ಟು ವಯಲ್?' ಎಂಬಂಥ ಪ್ರಶ್ನೆ ಬೇಡ. 'ಗದ್ದೆಯಲ್ಲಿ ಕಡಿತ, ಒಂದು ಗಂಟೆಯಾಗಿದೆ, ಕಾಲಿನಲ್ಲಿ ಸ್ವಲ್ಪ ಊತ, ರಕ್ತ ಹೆಪ್ಪುಗಟ್ಟಿದೆ. ಮನೆಯವರು ಇಂಜೆಕ್ಷನ್ ಕೊಡಿ ಎಂದು ಒತ್ತಾಯಿಸುತ್ತಿದ್ದಾರೆ. ಈಗ ಏನು ಮಾಡುತ್ತೀರಿ?' ಎಂಬಂಥದ್ದು ಬೇಕು.

ವಿಡಿಯೊ ನೋಡದೆ ಬರುವವರು ಇದ್ದೇ ಇರುತ್ತಾರೆ. ಅವರಿಗಾಗಿ ಸಭೆಯಲ್ಲಿ ಎಲ್ಲವನ್ನೂ ಮತ್ತೆ ಹೇಳಲು ಹೊರಟರೆ ನೋಡಿಬಂದವರಿಗೆ ಅನ್ಯಾಯ, ಮುಂದಿನ ಸಲ ಅವರೂ ನೋಡುವುದಿಲ್ಲ. ನೋಂದಣಿ ಮೇಜಿನ ಪಕ್ಕ ಎರಡು ಟ್ಯಾಬ್ ಇಟ್ಟು, 20 ನಿಮಿಷ ಮೊದಲೇ ಬಂದು ನೋಡಿ ಮುಗಿಸಲು ಹೇಳಿ.

ಹೆಜ್ಜೆ 4: ಎರಡೂವರೆ ಗಂಟೆಯ ಸಭೆ

24 ಜನ, ನಾಲ್ಕು ಮೇಜು, ಮೇಜಿಗೆ ಆರು ಮಂದಿ, ಒಬ್ಬ ಮಾರ್ಗದರ್ಶಕ. ಇದಕ್ಕಿಂತ ಹೆಚ್ಚು ಜನ ಬಂದರೆ ಎರಡು ಬ್ಯಾಚ್ ಮಾಡಿ, ಮೇಜಿಗೆ ಹತ್ತು ಜನರನ್ನು ತುಂಬಬೇಡಿ. ಏಳನೆಯವರಿಂದ ಮುಂದಕ್ಕೆ ಎಲ್ಲರೂ ಬರಿಯ ಪ್ರೇಕ್ಷಕರಾಗುತ್ತಾರೆ. ಪ್ರತಿ ಮೇಜಿನಲ್ಲಿ 25 ನಿಮಿಷ, ಮೇಜು ಬದಲಿಸಲು 5 ನಿಮಿಷ. ಶುರುವಿಗೆ 15 ನಿಮಿಷ, ಕೊನೆಗೆ ಉಳಿದ ಸಮಯ. ಉದ್ಘಾಟನೆ ಮಾಡಲೇಬೇಕೆಂದಿದ್ದರೆ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಮೊದಲ ಮೇಜು ರಕ್ತ ಪರೀಕ್ಷೆಯದು, ಹೆಚ್ಚು ಗಮನ ಬೇಡುವುದೂ ಇದೇ. ಆರಂಭದ 15 ನಿಮಿಷದಲ್ಲೇ ಒಪ್ಪಿಗೆ ಕೊಟ್ಟ ಒಬ್ಬರಿಂದ 8 ಮಿ.ಲೀ. ರಕ್ತ ತೆಗೆದು ನಾಲ್ಕು ಕಡೆ 2 ಮಿ.ಲೀ.ನಂತೆ ಹಾಕಿ: ಹೊಸ ಗಾಜಿನ ಟ್ಯೂಬ್, ಸೋಪಿನಿಂದ ತೊಳೆದು ಒಣಗಿಸಿದ ಗಾಜಿನ ಟ್ಯೂಬ್, ಪ್ಲಾಸ್ಟಿಕ್ ಟ್ಯೂಬ್, ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್. 20 ನಿಮಿಷದ ನಂತರ ನಾಲ್ಕನ್ನೂ ಓರೆ ಮಾಡಿ ತೋರಿಸಿ. ಇಡಿಟಿಎ ಟ್ಯೂಬಿನ ರಕ್ತ ನೀರಾಗಿಯೇ ಇರುತ್ತದೆ. ಕೊಳಕುಮಂಡಲ ಕಡಿದವರ ರಕ್ತ ಕಾಣುವುದು ಹೀಗೆ. ರಕ್ತ ಹೆಪ್ಪುಗಟ್ಟುವ ಸರಪಳಿ ಶುರುವಾಗಲು ಶುದ್ಧ ಗಾಜಿನ ಮೇಲ್ಮೈ ಬೇಕು. ಪ್ಲಾಸ್ಟಿಕ್ ಆ ಚಾಲನೆ ಕೊಡುವುದಿಲ್ಲ, ಸೋಪಿನ ಅಂಶ ಅದನ್ನು ತಡೆಯುತ್ತದೆ. ಆಗ ಆರೋಗ್ಯವಂತರ ರಕ್ತವೂ ಹೊತ್ತಿಗೆ ಸರಿಯಾಗಿ ಗಟ್ಟಿಯಾಗದೆ, ಬೇಡದವರಿಗೆ ಎಎಸ್‌ವಿ ಹೋಗಬಹುದು. ಈ ಸಂಗತಿಯನ್ನು ಸ್ಲೈಡಿನಲ್ಲಿ ಹತ್ತು ಸಲ ಓದಿದವರೂ ಪಿಎಚ್‌ಸಿಗೆ ಮರಳಿ ಪ್ಲಾಸ್ಟಿಕ್ ಟ್ಯೂಬಿಗೇ ಕೈ ಹಾಕಬಹುದು. ಕಣ್ಣಾರೆ ಕಂಡದ್ದು ಹಾಗೆ ಮರೆಯುವುದಿಲ್ಲ. ಹೊರಡುವಾಗ ಪ್ರತಿಯೊಬ್ಬರಿಗೂ ಐದು ಹೊಸ ಗಾಜಿನ ಟ್ಯೂಬ್ ಕೊಟ್ಟು ಕಳಿಸಿ, ಬ್ಯಾಗು ಪೆನ್ನುಗಳಿಗಿಂತ ಅದು ಉಪಯೋಗಕ್ಕೆ ಬರುತ್ತದೆ. ಕೈಗವಸು, ಸೂಜಿ ಡಬ್ಬಿ, ರಕ್ತದ ತ್ಯಾಜ್ಯದ ಚೀಲ ಮರೆಯಬೇಡಿ.

ಎರಡನೇ ಮೇಜಿಗೆ ಅವಧಿ ಮೀರಿದ ಎಎಸ್‌ವಿ ವಯಲ್‌ಗಳನ್ನು ಔಷಧ ಉಗ್ರಾಣದಿಂದ ಲಿಖಿತ ಅನುಮತಿ ಪಡೆದು ತನ್ನಿ. ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ 'ತರಬೇತಿಗೆ ಮಾತ್ರ' ಎಂದು ಬರೆದು, ಎಣಿಸಿ ಕೊಟ್ಟು, ಎಣಿಸಿ ಹಿಂಪಡೆದು ನಾಶಮಾಡಿ. ಒಂದೇ ಒಂದು ವಯಲ್ ದಾಸ್ತಾನಿಗೆ ಮರಳಿ ಸೇರಿದರೂ ಅಪಾಯ. ಪುಡಿಗೆ 10 ಮಿ.ಲೀ. ಸ್ಟೆರೈಲ್ ನೀರು ಸೇರಿಸಿ, ಕುಲುಕದೆ ಮೆಲ್ಲಗೆ ಸುತ್ತಿಸಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಹತ್ತು ವಯಲ್ ಕರಗಿಸಲು ಎಷ್ಟು ಹೊತ್ತು ಬೇಕೆಂಬುದನ್ನು ಗಡಿಯಾರ ಹಿಡಿದು ನೋಡಲಿ. ಆಗ ನರ್ಸ್ ಒಬ್ಬರಿಗೇ ಆ ಕೆಲಸ ಬಿಟ್ಟು ಕೂರಬಾರದೆಂದು ಯಾರೂ ಹೇಳಬೇಕಾಗಿಲ್ಲ. ಇದೇ ಮೇಜಿನಲ್ಲಿ ಅಡ್ರಿನಲಿನ್ ಅಭ್ಯಾಸ: 1:1000 ಆಂಪೂಲಿನಿಂದ ಅರ್ಧ ಮಿ.ಲೀ., ಅಂದರೆ 0.5 ಮಿ.ಗ್ರಾಂ., ದೊಡ್ಡವರಿಗೆ ತೊಡೆಯ ಹೊರಭಾಗದ ಸ್ನಾಯುವಿಗೆ. ಮಾರ್ಗದರ್ಶಕರು ನಡುವೆ ಇದ್ದಕ್ಕಿದ್ದಂತೆ 'ಮೈಯೆಲ್ಲ ದದ್ದು, ಬಿಪಿ ಇಳಿದಿದೆ' ಎನ್ನಬೇಕು. ಹನಿ ನಿಲ್ಲಿಸಿ ಅಡ್ರಿನಲಿನ್ ಕೊಡಲು ಎಷ್ಟು ಸೆಕೆಂಡ್ ಆಯಿತೆಂದು ಪಕ್ಕದವರು ಎಣಿಸಲಿ. ಮಕ್ಕಳಿಗೂ ಎಎಸ್‌ವಿ ಪ್ರಮಾಣ ದೊಡ್ಡವರಷ್ಟೇ, ಹಾವು ಬಿಡುವ ವಿಷ ಮಗುವಿನ ತೂಕ ನೋಡಿ ಕಡಿಮೆಯಾಗುವುದಿಲ್ಲ. ಚರ್ಮದ ಮೇಲೆ ಟೆಸ್ಟ್ ಡೋಸ್ ಬೇಡ. ಈ ಎರಡೂ ಇಲ್ಲಿಯೇ ಬಾಯಿಪಾಠವಾಗಲಿ.

ಮೂರನೇ ಮೇಜಿನಲ್ಲಿ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮತ್ತು ಅಂಬು ಬ್ಯಾಗ್. ಐದಾರು ಸೆಕೆಂಡಿಗೊಂದು ಉಸಿರು, ಪ್ರತಿಯೊಬ್ಬರೂ ಬಿಡದೆ ಮೂರು ನಿಮಿಷ. ಮೂರು ನಿಮಿಷಕ್ಕೇ ಕೈ ಸೋಲುವುದು ಕಂಡಾಗ, ಒಂದು ಗಂಟೆಯ ಆಂಬುಲೆನ್ಸ್ ಪಯಣಕ್ಕೆ ಎಷ್ಟು ಜನ ಬೇಕೆಂಬ ಲೆಕ್ಕ ತಾನಾಗಿ ಹುಟ್ಟುತ್ತದೆ.

ನಾಲ್ಕನೇ ಮೇಜು ಕೇಸ್‌ಗಳದ್ದು. ಒಂದು ಕೇಸನ್ನು ಮೂರು ಕಾರ್ಡುಗಳಾಗಿ ಮುರಿದು ಒಂದೊಂದಾಗಿ ತೆರೆಯಿರಿ. ಉದಾಹರಣೆಗೆ, ಕಾರ್ಡ್ ಒಂದು: ನಸುಕಿನ ನಾಲ್ಕೂವರೆ, ನೆಲದ ಮೇಲೆ ಮಲಗಿದ್ದ 19ರ ಹುಡುಗಿ, ಹೊಟ್ಟೆನೋವು, ವಾಂತಿ. ಮೈಮೇಲೆ ಕಚ್ಚಿದ ಗುರುತಿಲ್ಲ. ಇಲ್ಲಿ ನಿಲ್ಲಿಸಿ, ಪ್ರತಿಯೊಬ್ಬರೂ ತಾವು ಮಾಡುವುದನ್ನು ಚೀಟಿಯಲ್ಲಿ ಬರೆಯಲಿ. ಕಾರ್ಡ್ ಎರಡು: ರೆಪ್ಪೆ ಜೋತುಬಿದ್ದಿದೆ, ನುಂಗಲು ಕಷ್ಟ, ರಕ್ತ ಹೆಪ್ಪುಗಟ್ಟುತ್ತಿದೆ. ಕಾರ್ಡ್ ಮೂರು: ಸ್ನಾಯುಗಳಿಗೆ ಬಲ ತರಲು ನಿಯೊಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟರೂ ಬದಲಾವಣೆಯಿಲ್ಲ, ಉಸಿರು ಮೇಲ್ಮೇಲೆ ಬರುತ್ತಿದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ನಿಯೊಸ್ಟಿಗ್ಮಿನ್ ಅಲ್ಲಿ ಸಾಮಾನ್ಯವಾಗಿ ನೆರವಾಗದು, ನಾಗರಹಾವಿನ ಕಡಿತದಲ್ಲಿ ನೆರವಾಗಬಹುದು. ಉಳಿದಿರುವುದು ಉಸಿರು ಕೊಡುವ ಕೆಲಸ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಕೇಸ್ ಕಡ್ಡಾಯವಾಗಿರಲಿ: ಹಂಪ್-ನೋಸ್ಡ್ ಪಿಟ್ ವೈಪರ್ ಕಡಿತ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು, ಅದು ಇಲ್ಲಿ ಕೆಲಸ ಮಾಡುವುದಿಲ್ಲ. ವಯಲ್ ಮೇಲೆ ವಯಲ್ ಸುರಿಯುತ್ತ ಕೂರದೆ ಮೂತ್ರಪಿಂಡದ ಕಡೆ ಗಮನ ಹರಿಸಬೇಕು.

ಹೆಜ್ಜೆ 5: ಕಲಿಸುವ ಹಿರಿಯರನ್ನು ಸಿದ್ಧಗೊಳಿಸುವುದು

ಇದನ್ನು ಬಿಟ್ಟ ಕಾರ್ಯಕ್ರಮ ಸೋಲುತ್ತದೆ. ಮೂವತ್ತು ವರ್ಷ ಉಪನ್ಯಾಸ ಕೊಟ್ಟವರಿಗೆ ಮೇಜಿನ ಬಳಿ ಮೌನವಾಗಿರುವುದು ಕಷ್ಟ. ಎದುರಿಗೆ ಪ್ರೊಫೆಸರ್ ಕೂತಿದ್ದರೆ ಕಿರಿಯರಿಗೆ ಬಾಯಿಬಿಡುವುದು ಇನ್ನೂ ಕಷ್ಟ. 'ಸರ್ ಏನಂದುಕೊಳ್ಳುತ್ತಾರೋ' ಎಂದು ಸುಮ್ಮನಿದ್ದುಬಿಡುತ್ತಾರೆ. ವಾರ ಮೊದಲು ಮಾರ್ಗದರ್ಶಕರನ್ನು 40 ನಿಮಿಷ ಕೂರಿಸಿ ಮೂರು ನಿಯಮ ಅಭ್ಯಾಸ ಮಾಡಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಎಂಟರವರೆಗೆ ಎಣಿಸುವುದು. ಉತ್ತರ ತಪ್ಪಾದಾಗ 'ಅಲ್ಲ' ಎನ್ನುವ ಬದಲು 'ಹಾಗೆ ಮಾಡಿದರೆ ಮುಂದೇನಾಗುತ್ತದೆ?' ಎನ್ನುವುದು. ಸರಿ ಉತ್ತರವನ್ನು ಕೊನೆಗೆ, ಒಂದೇ ನಿಮಿಷದಲ್ಲಿ ಹೇಳುವುದು. ಚೀಟಿಗಳಲ್ಲಿ ಹೆಸರು ಬರೆಸಬೇಡಿ. ಹೌಸ್‌ಸರ್ಜನ್‌ಗಳನ್ನೂ ವಿಭಾಗದ ಮುಖ್ಯಸ್ಥರನ್ನೂ ಒಂದೇ ಗುಂಪಿನಲ್ಲಿ ಕಲಿಯಲು ಕೂರಿಸಬೇಡಿ.

ಜಿಲ್ಲಾ ರೆಸಿಡೆನ್ಸಿಗೆಂದು, ಅಂದರೆ ಕೋರ್ಸಿನ ಭಾಗವಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲು, ಮೂರು ತಿಂಗಳು ಬಂದಿರುವ ಪಿಜಿಗಳನ್ನು ಸಹ ಮಾರ್ಗದರ್ಶಕರಾಗಿ ಬಳಸಿ. ತಮಗಿಂತ ಎರಡು–ಮೂರು ವರ್ಷ ಹಿರಿಯರ ಮುಂದೆ ಹೌಸ್‌ಸರ್ಜನ್‌ಗಳು 'ನನಗೆ ಇದು ಗೊತ್ತಿಲ್ಲ' ಎಂದು ಸಂಕೋಚವಿಲ್ಲದೆ ಹೇಳುತ್ತಾರೆ.

ಹೆಜ್ಜೆ 6: ಸಭೆಯ ನಂತರದ ಆರು ವಾರ

ಎರಡನೇ, ಏಳನೇ, 21ನೇ ಮತ್ತು 42ನೇ ದಿನ ವಾಟ್ಸ್ಆ್ಯಪ್‌ನಲ್ಲಿ ಒಂದೊಂದು ಪ್ರಶ್ನೆ ಕಳಿಸಿ. ಒಂದೇ ನಿಮಿಷದಲ್ಲಿ ಉತ್ತರಿಸುವಂತಿರಲಿ, ವಿವರಣೆ ಅದೇ ಸಂಜೆ ಬರಲಿ. ಗುಂಪಿನಲ್ಲಿ ಉತ್ತರ ಹಾಕಿಸಿದರೆ ಮೊದಲು ಹೇಳಿದವರದನ್ನೇ ಉಳಿದವರು ನಕಲಿಸುತ್ತಾರೆ, ಆದ್ದರಿಂದ ಫಾರ್ಮ್ ಲಿಂಕ್ ಬಳಸಿ. ಗುಂಪಿಗೆ ಒಂದು ಕಟ್ಟುನಿಟ್ಟಿನ ನಿಯಮ ಬೇಕು: ರೋಗಿಯ ಮುಖ, ಹೆಸರು, ಒಪಿಡಿ ಸಂಖ್ಯೆ, ಊರು ಯಾವುದೂ ಬರಬಾರದು. ಶುಭೋದಯ ಸಂದೇಶ, ಚುನಾವಣೆ ಪ್ರಚಾರವೂ ಬೇಡ, ಇವು ಶುರುವಾದ ದಿನ ಎಲ್ಲರೂ ಗುಂಪನ್ನು ಮ್ಯೂಟ್ ಮಾಡುತ್ತಾರೆ.

ಹದಿನೈದು ದಿನಕ್ಕೊಮ್ಮೆ 45 ನಿಮಿಷದ ಆನ್‌ಲೈನ್ ಕೂಟ ಇದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಎಕೊ ಮಾದರಿ ತಕ್ಕದ್ದು. ಹೆಪಟೈಟಿಸ್ ಸಿ ಚಿಕಿತ್ಸೆಯನ್ನು ಹಳ್ಳಿಯ ವೈದ್ಯರಿಗೆ ತಲುಪಿಸಲು ಡಾ. ಸಂಜೀವ್ ಅರೋರಾ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆರಂಭಿಸಿದ್ದು ಇದು, ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಮಾನಸಿಕ ಆರೋಗ್ಯದ ತರಬೇತಿಗೆ ಬಳಸಿದೆ. ಇಲ್ಲಿ ಕೇಸ್ ಹೇಳುವವರು ಪಿಎಚ್‌ಸಿ ವೈದ್ಯರು. ತಜ್ಞರು ಕೇಳಿಸಿಕೊಂಡು, ಮೊದಲು ಉಳಿದ ಪಿಎಚ್‌ಸಿಗಳವರ ಮಾತು ಕೇಳಿ, ಕೊನೆಗೆ ತಮ್ಮ ಸಲಹೆ ಕೊಡುತ್ತಾರೆ. ತಜ್ಞರೇ ಮೊದಲು ಮಾತಾಡಿದರೆ ಅದು ಮತ್ತೊಂದು ವೆಬಿನಾರ್ ಆಗುತ್ತದೆ.

ಹೆಜ್ಜೆ 7: ಕ್ರೆಡಿಟ್, ಹಣ, ಅಳತೆ

2002ರ ವೃತ್ತಿ ನೀತಿ ನಿಯಮಾವಳಿಯಂತೆ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇಯಲ್ಲಿ ಪಾಲ್ಗೊಳ್ಳಬೇಕು. ಕ್ರೆಡಿಟ್‌ಗಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮುಂಚಿತವಾಗಿಯೇ, ಗಂಟೆವಾರು ವಿವರದೊಂದಿಗೆ ಅರ್ಜಿ ಹಾಕಿ. 'ಕಾರ್ಯಾಗಾರ' ಎಂದಷ್ಟೇ ಬರೆಯದೆ ಪ್ರತಿ ಮೇಜಿನ ವಿಷಯ, ಅವಧಿ, ಮಾರ್ಗದರ್ಶಕರ ಅರ್ಹತೆ ಬರೆದರೆ ಪ್ರಶ್ನೆಗಳು ಏಳುವುದಿಲ್ಲ.

ಔಷಧ ಕಂಪನಿಯ ಪ್ರಾಯೋಜನೆ ಪಡೆಯುವುದಿದ್ದರೆ 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟ ನೀತಿ ಸಂಹಿತೆಯನ್ನು ಓದಿಕೊಳ್ಳಿ. ಈ ಮಾದರಿಗೆ ದೊಡ್ಡ ಹೋಟೆಲ್ ಬೇಡ, ತಾಲ್ಲೂಕು ಆಸ್ಪತ್ರೆಯ ಸಭಾಂಗಣ ಸಾಕು. ವೆಚ್ಚ ಇಳಿದಷ್ಟೂ ವಿಷಯ ಆರಿಸುವ ಸ್ವಾತಂತ್ರ್ಯ ನಿಮ್ಮಲ್ಲಿಯೇ ಉಳಿಯುತ್ತದೆ.

'ಕಾರ್ಯಕ್ರಮ ಹೇಗಿತ್ತು?' ಎಂಬ ಫಾರ್ಮಿಗೆ ಎಲ್ಲರೂ ಐದಕ್ಕೆ ಐದು ಕೊಡುತ್ತಾರೆ, ಊಟ ಚೆನ್ನಾಗಿದ್ದರೂ ಕೊಡುತ್ತಾರೆ. ಅದರಿಂದ ಏನೂ ತಿಳಿಯದು. ಮೂರು ತಿಂಗಳ ನಂತರ ಅದೇ ತುರ್ತು ವಿಭಾಗಕ್ಕೆ ಹೋಗಿ, ಹೊಸದಾಗಿ ಬಂದ 20–30 ರೆಫರಲ್ ಚೀಟಿಗಳನ್ನು ಅದೇ ನಾಲ್ಕು ಪ್ರಶ್ನೆ ಇಟ್ಟುಕೊಂಡು ಎಣಿಸಿ. ಮಳೆಗಾಲದಲ್ಲಿ ಹಾವು ಕಡಿತ ಹೆಚ್ಚುವುದರಿಂದ ಮೇ ತಿಂಗಳಲ್ಲಿ ತರಬೇತಿ, ಆಗಸ್ಟ್‌ನಲ್ಲಿ ಎಣಿಕೆ ಇಟ್ಟುಕೊಂಡರೆ ಸಾಕಷ್ಟು ಚೀಟಿಗಳು ಸಿಗುತ್ತವೆ. ಪರೀಕ್ಷೆಯ ಸಮಯ ಬರೆಯುವುದು ಹೆಚ್ಚಿದ್ದು ಎಎಸ್‌ವಿ ಮಾತ್ರ ಕೊಡದೆ ಕಳಿಸುತ್ತಿದ್ದರೆ, ಅದು ಕಲಿಕೆಯ ಕೊರತೆ ಅಲ್ಲದಿರಬಹುದು. ಆ ಪಿಎಚ್‌ಸಿಯ ಫ್ರಿಜ್ ತೆರೆದು ವಯಲ್ ಎಷ್ಟಿವೆ ನೋಡಿ. ದಾಸ್ತಾನು ಇಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆಯಬೇಕೇ ಹೊರತು ಅದೇ ವೈದ್ಯರನ್ನು ಮತ್ತೊಂದು ತರಬೇತಿಗೆ ಕರೆಯಬಾರದು. ವಯಲ್ ಇದ್ದೂ ಕೊಟ್ಟಿಲ್ಲವೆಂದರೆ ಪ್ರತಿಕ್ರಿಯೆಯ ಭಯ ಹೋಗಿಲ್ಲ ಎಂದರ್ಥ. ಎರಡನೇ ಮೇಜಿನ ಅಡ್ರಿನಲಿನ್ ಅಭ್ಯಾಸವನ್ನು ಅವರ ಪಿಎಚ್‌ಸಿಯಲ್ಲೇ, ಅವರ ನರ್ಸ್ ಜೊತೆಗೇ ಇನ್ನೊಮ್ಮೆ ಮಾಡಿಸಿ.